ಬಲಹೀನರು ಯಾರು? ಬೋಯರ್ ಯುದ್ಧ ಮತ್ತು ಕರ್ತನ ಮೇಜು

ಚಳ್ಳಕೆರೆಯಿಂದ ಮೊಳಕಾಲ್ಮೂರು ಸೀಮೆಯ ರಾಂಪುರವನ್ನು ಹಾದು ಉತ್ತರಕ್ಕೆ ಸಾಗುವ ಹೆದ್ದಾರಿ ಬಳ್ಳಾರಿಯನ್ನು ಸೇರುತ್ತದೆ. ಒಂದು ಕಾಲಕ್ಕೆ ಈ ದಾರಿಯಲ್ಲಿ ಹೋಗುವವರು ಮೈಸೂರು ಸಂಸ್ಥಾನವನ್ನು ಬಿಟ್ಟು ಮದರಾಸು ಪ್ರಾಂತಕ್ಕೆ ಕಾಲಿಡುತ್ತಿದ್ದರು. ದಕ್ಷಿಣ ಆಫ್ರಿಕದ ಯುದ್ಧದಲ್ಲಿ (1899-1902) ಸೆರೆಸಿಕ್ಕ ಬೋಯರರಲ್ಲಿ ಕೆಲವರನ್ನು ಬ್ರಿಟಿಷರು ತಂದಿರಿಸಿದ್ದು ಆ ಬಳ್ಳಾರಿಯಲ್ಲಿಯೇ. ಭಾರತಕ್ಕೆ ಬಂದ ಇಂತಹ ಸೆರೆಯಾಳುಗಳು ಸುಮಾರು 9,000 ಮಂದಿ. ಇವರು ಸತ್ಯವೇದವನ್ನು ಓದಿ ಕೀರ್ತನೆಗಳನ್ನು ಹಾಡುತ್ತಿದ್ದ ಜನ; ಇವರನ್ನು ಕಾಯುತ್ತಿದ್ದ ಸಾಮ್ರಾಜ್ಯವೂ ತನ್ನನ್ನು ಕ್ರೈಸ್ತವೆಂದೇ ಕರೆದುಕೊಳ್ಳುತ್ತಿತ್ತು. ನಮ್ಮ ನೆರೆಯಲ್ಲಿ ನಡೆದ ಈ ಸಂಗತಿಯನ್ನು ಸಭಾಚರಿತ್ರೆಯ ವಿದ್ಯಾರ್ಥಿಗಳು ಬಹಳವಾಗಿ ಗಮನಿಸಿಲ್ಲ.

ಯುದ್ಧಕ್ಕೆ ಮುನ್ನ, 1899ರಲ್ಲಿ, ಬ್ಲೂಮ್‌ಫಾಂಟೇನಿನಲ್ಲಿ ಇಬ್ಬರು ನಾಯಕರು ಎದುರುಬದುರಾಗಿ ಕುಳಿತರು. ಟ್ರಾನ್ಸ್‌ವಾಲಿನ ಅಧ್ಯಕ್ಷ ಪಾಲ್ ಕ್ರೂಗರ್ ಕಟ್ಟುನಿಟ್ಟಿನ ಸುಧಾರಿತ ಸಭೆಗೆ ಸೇರಿದವರು. ತಮ್ಮ ಜನರ ವಲಸೆಯನ್ನು ಇಸ್ರಾಯೇಲ್ಯರ ವಿಮೋಚನೆಯ ಕನ್ನಡಿಯಲ್ಲಿ ಕಂಡವರು. ಬ್ರಿಟಿಷ್ ಹೈ ಕಮಿಷನರ್ ಆಲ್‌ಫ್ರೆಡ್ ಮಿಲ್ನರ್ ಸಾಮ್ರಾಜ್ಯವನ್ನೇ ನಂಬಿದ್ದವರು. ಚಿನ್ನದ ಗಣಿಗಳನ್ನು ಅರಸಿ ಟ್ರಾನ್ಸ್‌ವಾಲಿಗೆ ಬಂದಿದ್ದ ಬಿಳಿಯ ಪರದೇಶಿಗಳಿಗೆ ಮತದಾನದ ಹಕ್ಕು ಎಂದು ದೊರೆಯಬೇಕೆಂಬುದೇ ಅವರ ಮುಖ್ಯ ವಾದವಾಗಿತ್ತು. ಮಾತು ಮುರಿಯಿತು. ಹಿಂದೆ ಭಾರತದ ಸೇನಾಧಿಪತಿಯಾಗಿದ್ದ ರಾಬರ್ಟ್ಸ್, ಮುಂದೆ ಅದೇ ಪದವಿಗೆ ಬರಲಿದ್ದ ಕಿಚನರ್ ಯುದ್ಧವನ್ನು ನಡೆಸಿದರು. ಹೊಲಮನೆಗಳನ್ನು ಸುಟ್ಟು ಹೆಂಗಸರು ಮಕ್ಕಳನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಸುಮಾರು 28,000 ಬೋಯರರು ಅಲ್ಲಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾದ ಎಮಿಲಿ ಹಾಬ್‌ಹೌಸ್ ಇದನ್ನು ಇಂಗ್ಲೆಂಡಿಗೆ ತಿಳಿಯಪಡಿಸಿದರು. ಕಪ್ಪು ಜನರಿಗಾಗಿ ಇದ್ದ ಬೇರೆ ಶಿಬಿರಗಳಲ್ಲಿ ಕನಿಷ್ಠ 14,000 ಮಂದಿ ಸತ್ತರು. ಅವರ ಪರವಾಗಿ ಅಂತಹ ಕೂಗು ಏಳಲಿಲ್ಲ.

1902ರ ಮೇ 31ರಂದು ಪ್ರಿಟೋರಿಯಾದಲ್ಲಿ ಸಂಧಿಪತ್ರಕ್ಕೆ ರುಜು ಬಿತ್ತು. ಅದರ ಎಂಟನೆಯ ಕಲಮನ್ನು ನಾವು ನಿಧಾನವಾಗಿ ಓದಬೇಕು. ಸ್ಥಳೀಯರಿಗೆ ಮತದಾನದ ಹಕ್ಕು ಕೊಡುವ ಪ್ರಶ್ನೆಯನ್ನು ಸ್ವಯಮಾಡಳಿತ ಬಂದ ನಂತರವೇ ತೀರ್ಮಾನಿಸತಕ್ಕದ್ದು ಎಂದು ಅದು ಹೇಳುತ್ತದೆ. ತೀರ್ಮಾನಿಸುವವರು ಬಿಳಿಯರೇ ಎಂಬುದು ಎರಡು ಪಕ್ಷಗಳಿಗೂ ಗೊತ್ತಿತ್ತು. ಈ ಕಲಮಿನ ರಚನೆಯಲ್ಲಿ ಬೋಯರ್ ನಾಯಕ ಸ್ಮಟ್ಸರ ಕೈಯೂ ಇತ್ತು. ಪರದೇಶಿಯ ಮತದ ಹೆಸರಿನಲ್ಲಿ ಹೊತ್ತಿದ ಯುದ್ಧ, ನಾಡಿನವನ ಮತವನ್ನು ಬದಿಗಿರಿಸಿ ಆರಿತು.

ಈ ಸಮಾಧಾನದ ಬೇರು ರಾಜಕೀಯದಲ್ಲಿ ಮಾತ್ರ ಇತ್ತೆಂದು ನಮಗೆ ತೋರುವುದಿಲ್ಲ. ಬಳ್ಳಾರಿಯಲ್ಲಿ 1810ರಿಂದ ಸೇವೆ ನಡೆಸಿದ ಲಂಡನ್ ಮಿಶನ್ ದಕ್ಷಿಣ ಆಫ್ರಿಕದಲ್ಲಿಯೂ ಇತ್ತು. ಅಲ್ಲಿ ಅದರ ಮುಖ್ಯಸ್ಥ ಜಾನ್ ಫಿಲಿಪ್ ಖೋಯ್ ಜನರ ಸಮಾನ ಹಕ್ಕಿಗಾಗಿ ವಾದಿಸಿ ಬೋಯರರ ಕೋಪಕ್ಕೆ ಗುರಿಯಾದರು. ಆದರೆ ಬೋಯರರ ಸ್ವಂತ ಸಭೆಯೊಳಗೆ ನಡೆದದ್ದು ಇನ್ನೂ ಗಂಭೀರ. ಬಿಳಿಯರು ಮತ್ತು ಬಣ್ಣದವರು ಸಾಧ್ಯವಾದಲ್ಲೆಲ್ಲ ಒಂದೇ ಸಭೆಯಲ್ಲಿ ಸೇರಿರುವುದೇ ವೇದಸಮ್ಮತವೆಂದು 1857ರ ಕೇಪ್ ಸಿನೋಡ್ ಒಪ್ಪಿಕೊಂಡಿತು. ಒಪ್ಪಿಕೊಂಡು, ಕೆಲವರ ಬಲಹೀನತೆಯ ನಿಮಿತ್ತ ಬೇರೆ ಕಟ್ಟಡದಲ್ಲಿ ಬೇರೆ ಆರಾಧನೆ ನಡೆಸಬಹುದೆಂದೂ ತೀರ್ಮಾನಿಸಿತು. ಈ ರಾಜಿಯ ಗೊತ್ತುವಳಿಯನ್ನು ತಂದವರು, ನಮ್ಮಲ್ಲಿ ಅನೇಕರು ಪ್ರಾರ್ಥನೆಯ ವಿಷಯದಲ್ಲಿ ಯಾರ ಪುಸ್ತಕಗಳನ್ನು ಭಕ್ತಿಯಿಂದ ಓದುತ್ತೇವೋ ಆ ಆಂಡ್ರೂ ಮರೆಯವರ ತಂದೆ. ದುಷ್ಟರಲ್ಲ, ಭಕ್ತರೇ, ಅದೇ ನಮ್ಮನ್ನು ಕಾಡುವ ಸಂಗತಿ.

ಬಲಹೀನತೆ ಎಂಬ ಮಾತನ್ನು ಪೌಲನಿಂದ ಎರವಲು ಪಡೆದರು. ಆದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಬಲವುಳ್ಳವನು ತನ್ನ ಊಟವನ್ನು ಬಿಟ್ಟುಕೊಡುತ್ತಾನೆ. ಸಹೋದರನನ್ನು ಮೇಜಿನಿಂದ ಎಬ್ಬಿಸುವುದಿಲ್ಲ. ಕೇಪಿನಲ್ಲಿ ಬಲಹೀನರೆನಿಸಿಕೊಂಡವರು ಭೂಮಿ, ಬಂದೂಕು, ಸಭೆಯ ಹಿರಿತನ ಎಲ್ಲವನ್ನೂ ಹಿಡಿದಿದ್ದವರು. ಅವರಿಗೆ ಸಲ್ಲುವ ವಾಕ್ಯ ಅಂತಿಯೋಕ್ಯದ್ದು: ಪೇತ್ರನು ಅನ್ಯಜನರ ಪಂಕ್ತಿಯಿಂದ ಹಿಂಜರಿದಾಗ ಪೌಲನು ಮುಖಾಮುಖಿಯಾಗಿ ಎದುರಿಸಿದನು (ಗಲಾತ್ಯ 2).

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೆ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗೆ ಇದು ದೂರದೇಶದ ಕಥೆಯಲ್ಲ. ಊರು ಬೇರೆ, ಕೇರಿ ಬೇರೆ. ಊರಿನ ಮನೆಯೊಂದು ಆರಾಧನೆಗೆ ಬರತೊಡಗಿದಾಗ, ಅವರ ನಂಬಿಕೆ ಇನ್ನೂ ಎಳೆಯದು, ಕೆಲವು ಕಾಲ ಪಾತ್ರೆಯನ್ನು ಅವರಿಗೆ ಮೊದಲು ಕೊಡೋಣ ಎಂದು ಸಲಹೆ ಕೊಡುವ ಹಿರಿಯರು ಇರುತ್ತಾರೆ. ಸಲಹೆಯ ಧ್ವನಿ ಮೃದುವಾಗಿಯೇ ಇರುತ್ತದೆ. 1857ರ ಗೊತ್ತುವಳಿಯ ಧ್ವನಿಯೂ ಮೃದುವಾಗಿತ್ತು.

ಅಂದಿನ ಅನುಮತಿ ಬೇಗನೆ ರೂಢಿಯಾಯಿತು. 1881ರಲ್ಲಿ ಬಣ್ಣದವರಿಗೆ ಪ್ರತ್ಯೇಕ ಮಿಶನ್ ಸಭೆಯೇ ಸ್ಥಾಪನೆಯಾಯಿತು. ನೂರು ವರ್ಷಗಳ ತರುವಾಯ ಆ ಬೇರ್ಪಟ್ಟ ಸಭೆಯೇ ಬೆಲ್‌ಹಾರ್‌ನಲ್ಲಿ ಕೂಡಿ, ಸಭೆಯ ಐಕ್ಯ, ಸಮಾಧಾನ, ದೇವರ ನ್ಯಾಯಗಳನ್ನು ಕುರಿತು ಒಂದು ವಿಶ್ವಾಸಪ್ರಮಾಣವನ್ನು ರಚಿಸಿ 1986ರಲ್ಲಿ ಅಂಗೀಕರಿಸಿತು. ಅದನ್ನು ತನ್ನ ಪ್ರಮಾಣಗಳ ಸಾಲಿಗೆ ಸೇರಿಸಿಕೊಳ್ಳಲು ಬಿಳಿಯರ ತಾಯಿಸಭೆ 2015ರಲ್ಲಿ ನಡೆಸಿದ ಪ್ರಯತ್ನಕ್ಕೆ ಬೇಕಾದಷ್ಟು ಮತಗಳು ದೊರೆಯಲಿಲ್ಲ.