ಸಾರಜನಕದ ಜಾಡಿಗೆ ಪೆಟ್ಟು ಬೀಳದಿರಲಿ

ಸಂಘಗಳಲ್ಲಿ ವೀರ್ಯ ಕಡ್ಡಿಗಳನ್ನಿಡುವ ದ್ರವ ಸಾರಜನಕದ ಜಾಡಿ ನೋಡಲು ಹಾಲಿನ ಕ್ಯಾನಿನಂತೆಯೇ ಇದೆ. ಅದಕ್ಕೇ ಅದನ್ನೂ ಕ್ಯಾನಿನಂತೆ ಎಳೆದಾಡುತ್ತಾರೆ. ಒಳಗಿರುವುದು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಈ ಚಳಿಯಲ್ಲಿ ಸಾಮಾನ್ಯ ಉಕ್ಕು ಪೆಟ್ಟು ಬಿದ್ದರೆ ಗಾಜಿನಂತೆ ಒಡೆಯುತ್ತದೆ, ಅಲ್ಯೂಮಿನಿಯಂ ತಾಳಿಕೊಳ್ಳುತ್ತದೆ. ಯಾವ ವಸ್ತು ಎಷ್ಟು ಚಳಿ ತಾಳುತ್ತದೆಂದು 1950ರ ದಶಕದಿಂದ ಅಮೆರಿಕದ ಬೌಲ್ಡರ್ ಪಟ್ಟಣದ ಸರ್ಕಾರಿ ಪ್ರಯೋಗಾಲಯವು ಪರೀಕ್ಷಿಸಿ ಪ್ರಕಟಿಸುತ್ತ ಬಂತು. ಅವರ ಚಿಂತೆ ದ್ರವ ಜಲಜನಕದ್ದು, ಹಸುವಿನದಲ್ಲ! ಆದರೂ ಸರ್ಕಾರದ ಹಣದಲ್ಲಿ ನಡೆದ ಕೆಲಸವಾದ್ದರಿಂದ ಆ ಕೋಷ್ಟಕಗಳು ಎಲ್ಲರಿಗೂ ಸಿಕ್ಕವು.

ಜಾಡಿಗೆ ಎರಡು ಗೋಡೆ. ನಡುವೆ ಗಾಳಿ ತೆಗೆದ ನಿರ್ವಾತ, ಅದರೊಳಗೆ ಹೊಳೆಯುವ ತೆಳುಹಾಳೆಯ ಹತ್ತಾರು ಸುತ್ತು. ಒಳಪಾತ್ರೆ ಗಾಜುನಾರಿನ ಕೊರಳಿನಿಂದ ತೂಗುತ್ತಿರುತ್ತದೆ. ಲೋಹದ ಕೊರಳಾದರೆ ಅದರ ಮೂಲಕವೇ ಬಿಸಿ ಒಳಗಿಳಿಯುತ್ತದೆ. ಜಾಡಿ ಉರುಳಿದರೆ ಪೆಟ್ಟು ತಿನ್ನುವುದು ಈ ಕೊರಳೇ. ಅದು ಸೀಳಿ ನಿರ್ವಾತ ಹೋಯಿತೆಂದರೆ ವಾರಗಟ್ಟಲೆ ಬರುವ ಸಾರಜನಕ ಬೇಗನೆ ಆವಿಯಾಗಿ ವೀರ್ಯ ಸಾಯುತ್ತದೆ. ಕಡ್ಡಿ ಮಾತ್ರ ನೋಡಲು ಹಾಗೆಯೇ ಇರುತ್ತದೆ. ನಾನೂ ಒಮ್ಮೆ ಹೀಗೆ ಮೋಸಹೋದೆ. ಮೂರು ವಾರಕ್ಕೆ ರಾಸುಗಳೆಲ್ಲ ಮತ್ತೆ ಬೆದೆಗೆ ಬಂದವು, ಬೈಸಿಕೊಂಡವೂ ಅವೇ.

ಜಾಡಿಯ ಹೊರಮೈ ಬೆವರಿದ್ದರೆ ಅಥವಾ ಹಿಮ ಕಟ್ಟಿದ್ದರೆ ಆ ಕಡ್ಡಿ ಹಾಕಿಸಬೇಡಿ. ಕಾರ್ಯಕರ್ತರಿಗೆ ಕೂಡಲೇ ತಿಳಿಸಿ.