ಬದುವಿನ ಸೊಪ್ಪು, ಪಾರ್ಟಿಯ ಕ್ಯಾಪ್ಸೂಲ್

ಕೋಲಾರ, ಶ್ರೀನಿವಾಸಪುರದ ಕಡೆ ರಾಗಿ ಹೊಲದ ಬದುವಿನಲ್ಲಿ ಕಾಶಿಸೊಪ್ಪು ತಾನಾಗಿಯೇ ಎದ್ದಿರುತ್ತದೆ. ಬೆರಕೆ ಸೊಪ್ಪಿನ ಜೊತೆ ಬಸ್ಸಾರಿಗೆ ಬೀಳುವ ಅದನ್ನು ಔಷಧಿಯೆಂದು ಯಾರೂ ತಿನ್ನುವುದಿಲ್ಲ. ಕಾಮಾಲೆಗೆ ನೆನಪಾಗುವುದು ನೆಲನೆಲ್ಲಿ. ಅರೆದು ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಗೆ ಕುಡಿಸುತ್ತಾರೆ. ಈಗ ಎರಡೂ ಮೆಡಿಕಲ್ ಸ್ಟೋರಿನಲ್ಲಿವೆ, ಬೇರೆ ಬೇರೆ ಡಬ್ಬಿಗಳಲ್ಲಿ.

ಮೊದಲ ಡಬ್ಬಿ ಲಿವ್.52. ಮೊಹಮ್ಮದ್ ಮನಾಲ್ 1930ರಲ್ಲಿ ಡೆಹ್ರಾಡೂನಿನಲ್ಲಿ ಆರಂಭಿಸಿದ ಹಿಮಾಲಯ ಕಂಪನಿ 1955ರಲ್ಲಿ ಇದನ್ನು ಹೊರತಂದಿತು. ಆಮೇಲೆ ಕಂಪನಿ ಬೆಂಗಳೂರಿಗೆ ಬಂದು ನೆಲೆಯೂರಿತು. ಮಾತ್ರೆಯೊಳಗೆ ಕಾಶಿಸೊಪ್ಪು, ಹೊಳೆಮತ್ತಿ, ಮಂಡೂರ ಭಸ್ಮ, ಚಿಕೋರಿ. ಹೌದು, ಮುಳಬಾಗಿಲು ದೋಸೆಯ ಮೇಲೆ ಕುಡಿಯುವ ಕಾಫಿಯ ಪುಡಿಗೆ ಬೆರೆಯುವ ಚಿಕೋರಿಯೇ.

ಅದು ಕಾಯಿಲೆಯವರ ಮಾತ್ರೆ. ಎಣ್ಣೆ ಹೊಡೆಯುವವರ ಜೇಬಿಗೆ ಅದು ಇಳಿದದ್ದರ ಹಿಂದೆ ಒಂದು ವಾದವಿದೆ. ಯಕೃತ್ತು ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಬಳಿಕ ನಿರುಪದ್ರವಿ ಅಸಿಟೇಟ್ ಆಗಿ ಒಡೆಯುತ್ತದೆ. ಲಿವ್.52 ನುಂಗಿದರೆ ಆ ವಿಷ ಬೇಗ ಹೊರಹೋಗಿ ಹ್ಯಾಂಗೋವರ್ ತಗ್ಗುತ್ತದೆ ಎಂದು 1991ರಲ್ಲಿ ಸಂಶೋಧಕರಾದ ಚೌಹಾಣ್ ಮತ್ತು ಕುಲಕರ್ಣಿ ಬರೆದರು. ನೋಡಿದ್ದು ಬೆರಳೆಣಿಕೆಯ ಜನರನ್ನು. ಮುಂದೆ ಅದೇ ಕಂಪನಿ ಕುಡಿತದ ಮರುದಿನಕ್ಕೆಂದೇ ಪಾರ್ಟಿಸ್ಮಾರ್ಟ್ ತಂದಿತು. ಅದರಲ್ಲಿ ನೆಲನೆಲ್ಲಿ, ನೆಲಬೇವು, ದ್ರಾಕ್ಷಿ, ಮತ್ತೆ ಚಿಕೋರಿ, ಜೊತೆಗೆ ಖರ್ಜೂರ. ಹೆಂಡ ಇಳಿಸುತ್ತಿದ್ದ ನಮ್ಮ ಈಚಲು ಇದೇ ಖರ್ಜೂರದ ದಾಯಾದಿ!

2003ರಲ್ಲಿ ಶ್ರೀಲಂಕಾದ ವೈದ್ಯರು ಕುಡಿತದಿಂದ ಯಕೃತ್ತು ಕೆಟ್ಟವರಿಗೆ ಆರು ತಿಂಗಳು ಲಿವ್.52 ಕೊಟ್ಟು ನೋಡಿದರು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆ, ಹ್ಯಾಂಗೋವರ್ ತಡೆಯುತ್ತದೆಂದು ನಂಬಬಹುದಾದ ಯಾವ ಉಪಾಯವೂ ಸಿಗಲಿಲ್ಲ ಎಂದಿತು. ವ್ಯಾಪಾರಕ್ಕೆ ಅದರಿಂದೇನೂ ಆಗಲಿಲ್ಲ. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತು ಪಾಕೀಟಿನ ಜಾಗಕ್ಕೆ ಕ್ವಾರ್ಟರ್ ಬಂತು. ಮದ್ದಿನ ಗಿರಾಕಿಗಳೇನು ಕಡಿಮೆಯಾದಾರೆ?

ನನಗೆ ಸಿಟ್ಟು ಬರುವುದು ಸೊಪ್ಪಿನ ಮೇಲಲ್ಲ, 'ಎರಡೂ ಹಾಕಿಕೋ, ಡಬಲ್ ಸೇಫು' ಎನ್ನುವ ಸಲಹೆಯ ಮೇಲೆ. ಲೇಬಲ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಚಿಕೋರಿಯಂತೂ ಎರಡು ಸಲ ಹೊಟ್ಟೆ ಸೇರುವುದು ಗೊತ್ತಾಗುತ್ತದೆ. ಧೈರ್ಯದಿಂದ ಇನ್ನೊಂದು ಪೆಗ್ ಇಳಿಯುತ್ತದೆ. ಬೆಳಿಗ್ಗೆ ತಲೆ ಸಿಡಿದಾಗ ಮೂರನೆಯದಾಗಿ ಪ್ಯಾರಾಸಿಟಮಾಲ್. ದಿನಾ ಕುಡಿಯುವವರಲ್ಲಿ ಅದರ ವಿಷಾಂಶವನ್ನು ತಣಿಸುವ ಗ್ಲುಟಾಥಿಯೋನ್ ಮೊದಲೇ ಬತ್ತಿರುತ್ತದೆ. ಪ್ರಮಾಣ ಮೀರಿದರೆ ಪೆಟ್ಟು ನೇರ ಯಕೃತ್ತಿಗೆ.