ಬಿಟ್ಟು ಬಿಟ್ಟು ಕೈಕೊಡುವ ಲಾರಿ: ಬ್ಯಾಟರಿ ಬದಲಿಸುವ ಮುನ್ನ



ಹತ್ತಿ ಬಿಡಿಸುವ ಕಾಲ ಬಂತೆಂದರೆ ಆಲೂರು, ಹಾಲಹರ್ವಿ, ಕೌತಾಳಂ ಕಡೆಯಿಂದ ಆದೋನಿ ಮಾರುಕಟ್ಟೆಗೆ ಹೊರಟ ಗಾಡಿಗಳಲ್ಲಿ ಹಳೆಯ ಲಾರಿಗಳೂ ಇರುತ್ತವೆ. ಹೆರಿಗೆ ನೋವಿನ ಹೆಣ್ಣುಮಗಳನ್ನು ಅಪರಾತ್ರಿಯಲ್ಲಿ ಆಸ್ಪತ್ರೆಗೆ ಒಯ್ಯಲು ಕೆಲವೊಮ್ಮೆ ಅದೇ ಲಾರಿಯೇ ಗತಿ. ಆ ಹೊತ್ತಿನಲ್ಲಿ ಅದು ಸ್ಟಾರ್ಟ್ ಆಗದಿದ್ದರೆ?

ನಮ್ಮ ಪರಿಚಯದ ರೈತರೊಬ್ಬರ ಮಿನಿ ಲಾರಿ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಹತ್ತಿ ಇಳಿಸಿ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಎದ್ದೇಳುತ್ತಿತ್ತು. ಗ್ಯಾರೇಜಿನಲ್ಲಿ ದೋಷವೇ ಕಾಣಲಿಲ್ಲ. ಹೊಸ ಬ್ಯಾಟರಿ ಹಾಕಿಸಿದರು, ಸೆಲ್ಫ್ ಮೋಟರ್ ರಿಪೇರಿ ಮಾಡಿಸಿದರು. ಬಿತ್ತನೆ ಬೀಜಕ್ಕೆಂದು ಇಟ್ಟ ಹಣ ಕರಗಿತು, ತೊಂದರೆ ಹಾಗೆಯೇ ಉಳಿಯಿತು. ಕೊನೆಗೆ ಸಿಕ್ಕ ಕಾರಣ, ಇಂಜಿನ್ನನ್ನು ಚಾಸಿಗೆ ಜೋಡಿಸುವ ಅರ್ಥಿಂಗ್ ಪಟ್ಟಿ! ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿಮಾಡಿದ ಮೇಲೆ ಲಾರಿ ಸರಿಯಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತಾಗಿತ್ತು.

ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವೈದ್ಯರು ಮೊದಲು ಕೇಳುವುದು, "ಯಾವಾಗ ಬರುತ್ತದೆ?" ಎಂದು. ಲಾರಿಗೂ ಇದೇ ನಿಯಮ. ಬೆಳಗಿನ ಚಳಿಯಲ್ಲೋ, ಇಂಜಿನ್ ಬಿಸಿಯಾದಾಗಲೋ, ಮಳೆಯಲ್ಲೋ ಎಂಬುದನ್ನು ಬರೆದಿಡಿ. ದೋಷ ಇರುವಾಗಲೇ ಪರೀಕ್ಷಿಸಿ.

ಮೊದಲ ಪ್ರಶ್ನೆ: ಸೆಲ್ಫ್ ತಿರುಗುತ್ತದೆಯೇ, ಇಲ್ಲವೇ?

ತಿರುಗದಿದ್ದರೆ ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. ಬೆಳಕು ತೀರಾ ಮಂಕಾದರೆ ಬ್ಯಾಟರಿ ದುರ್ಬಲ, ಇಲ್ಲವೇ ಟರ್ಮಿನಲ್ ಸಡಿಲ. ಬೆಳಕು ಹಾಗೆಯೇ ಇದ್ದು ‘ಟಕ್’ ಎಂದರೆ ಸೊಲೆನಾಯ್ಡ್ ಅಥವಾ ಇಂಜಿನ್ನಿನ ಅರ್ಥಿಂಗ್ ನೋಡಿ. ಸದ್ದೇ ಇಲ್ಲದಿದ್ದರೆ ಕೀಲಿ ಸ್ವಿಚ್ಚು, ಅದರ ವೈರು ನೋಡಿ. ಲೈಟು ಉರಿಯಿತೆಂದು ಬ್ಯಾಟರಿ, ವೈರು ಎಲ್ಲವೂ ಸರಿ ಎನ್ನಬೇಡಿ. ಒಂದು ಹೆಡ್‌ಲೈಟಿಗೆ ಸುಮಾರು 5 ಆಂಪಿಯರ್ ಸಾಕು, ಸೆಲ್ಫಿಗೆ ನೂರಾರು ಬೇಕು. ಬಿಸಿಯಾದಾಗ ತಾಮ್ರದ ತಂತಿ ಕರೆಂಟನ್ನು ಇನ್ನೂ ಹೆಚ್ಚು ತಡೆಯುತ್ತದೆ. ತುಕ್ಕು ಹಿಡಿದ ಜೋಡಣೆ ಮಧ್ಯಾಹ್ನ ಕೈಕೊಡಲು ಇದೂ ಒಂದು ಕಾರಣವಾಗಬಹುದು.

ಮೀಟರ್ ಇದ್ದರೆ ಇನ್ನೂ ಸುಲಭ. ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ತೋರಿಸುತ್ತದೆ. ಇಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಕೆಟ್ಟಿದೆ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಸೈಲೆನ್ಸರ್ ಕಡೆ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ. ಇಂಜಿನ್ ನಿಲ್ಲಿಸುವ ಕೇಬಲ್ ಪೂರ್ತಿ ಒಳಗೆ ಹೋಗಿದೆಯೇ, ಫಿಲ್ಟರ್ ಕಟ್ಟಿದೆಯೇ, ನೀರು ಸೇರಿದೆಯೇ ನೋಡಿ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಮಾತ್ರ ಸತಾಯಿಸಿದರೆ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆದು ಡೀಸೆಲ್ ಟ್ಯಾಂಕಿಗೆ ಹಿಂದಿರುಗಿರಬಹುದು. ವಾಷರ್ ಬದಲಿಸಿ, ಕೈಪಂಪು ಒತ್ತಿ ಗಾಳಿ ತೆಗೆಯಿರಿ.

ಇನ್ನು ಆರೋಗ್ಯದ ಮಾತು. ಪೈಪಿಗೆ ಬಾಯಿ ಹಚ್ಚಿ ಡೀಸೆಲ್ ಎಳೆಯುವ ಅಭ್ಯಾಸ ಬಿಡಿ. ಸ್ವಲ್ಪವೇ ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯ ಆಗಬಹುದು. ನುಂಗಿದವರಿಗೆ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬ್ಯಾಟರಿಯ ಆಸಿಡ್ ಕಣ್ಣಿಗೆ ಸಿಡಿದರೆ ಕೂಡಲೇ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿ. ಸ್ಕ್ರೂಡ್ರೈವರ್ ಇಟ್ಟು ಸೆಲ್ಫ್ ಹೊಡೆಸುವುದಂತೂ ಬೇಡವೇ ಬೇಡ. ಗೇರಿನಲ್ಲಿದ್ದರೆ ಲಾರಿ ಮುಂದೆ ನುಗ್ಗಿ ಮೈಮೇಲೆ ಹರಿಯಬಹುದು, ಹತ್ತಿಯ ಲೋಡಿಗೆ ಕಿಡಿ ಬಿದ್ದರೆ ವರ್ಷದ ದುಡಿಮೆ ಬೂದಿಯಾದೀತು.

ಈ ವಾರವೇ ಬಿಡುವು ಮಾಡಿಕೊಂಡು ಟರ್ಮಿನಲ್‌ಗಳನ್ನೂ ಅರ್ಥಿಂಗ್ ಪಟ್ಟಿಯನ್ನೂ ಬಿಚ್ಚಿ, ಉಜ್ಜಿ, ಬಿಗಿಮಾಡಿ. ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ತಗಲುವ ಖರ್ಚು ಒಂದು ಹಾಳೆ ಮರಳು ಕಾಗದ, ಒಂದು ಗಂಟೆ ಸಮಯ.